ಸಿಹಿಮೂತ್ರ, ಹಾವಿನ ವಿಷ, ಸೇಬಿನ ತೊಗಟೆ

ಈ ಸಲದ ಯುಗಾದಿ ಊಟದಲ್ಲಿ ಬಡಿಸುವ ಸರದಿ ನನ್ನದಾಗಿತ್ತು. ಹೋಳಿಗೆ ತಟ್ಟೆ ಹಿಡಿದು ಹೊರಟರೆ ನಲವತ್ತೈದು ದಾಟಿದ ಬಹುತೇಕ ಎಲ್ಲರೂ ಎಲೆಗೆ ಕೈ ಅಡ್ಡ ಹಿಡಿದು, "ಅರ್ಧ ಸಾಕು, ಶುಗರ್ ಇದೆ" ಎನ್ನುವವರೇ. ನನ್ನ ಹಿಂದೆಯೇ ಉಪ್ಪಿನಕಾಯಿ, ಹಪ್ಪಳ ಹಿಡಿದು ಬಂದ ಮಿತ್ರರಿಗೆ ಮಾತ್ರ ಯಾರೂ ಕೈ ಅಡ್ಡ ಹಿಡಿಯಲಿಲ್ಲ. ನನಗೆ ನಗು ಬಂತು. ಆಮೇಲೆ ಅಪ್ಪನ ಫೈಲು ನೆನಪಾಗಿ ನಗು ನಿಂತಿತು.

ನಾನು ವೈದ್ಯನಲ್ಲ, ಲೆಕ್ಕಪತ್ರ ನೋಡುವವನು. ಯಾರಿಗೂ ಔಷಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಲೆಕ್ಕ ಎಲ್ಲಿ ತಪ್ಪಿತು ಎಂದು ಹಳೆಯ ಪುಸ್ತಕ ತಿರುವಿ ಹುಡುಕುವುದು ನನ್ನ ಕಸುಬು. ಅದೇ ಚಾಳಿಯಿಂದ ಹುಡುಕಿದ್ದನ್ನು ಸಂಪಾದಕರ ಒತ್ತಾಯಕ್ಕೆ ಇಲ್ಲಿ ಬರೆದಿದ್ದೇನೆ.

2016ರಲ್ಲಿ ಅಪ್ಪ, ಅಮ್ಮ ತಿಪಟೂರಿನಿಂದ ಟ್ಯಾಂಪಿನೀಸಿನ ನಮ್ಮ ಮನೆಗೆ ಬಂದು ಮೂರು ತಿಂಗಳು ಇದ್ದರು. ಅಪ್ಪ ನಿವೃತ್ತ ಹೈಸ್ಕೂಲು ಮೇಷ್ಟ್ರು. ಹದಿನಾಲ್ಕು ವರ್ಷದ ಸಕ್ಕರೆ ಪರೀಕ್ಷೆಯ ಚೀಟಿಗಳನ್ನು ದಿನಾಂಕವಾರು ಜೋಡಿಸಿ, ದಾರ ಕಟ್ಟಿ, ಪಾಸ್‌ಪೋರ್ಟಿಗಿಂತ ಜೋಪಾನವಾಗಿ ತಂದಿದ್ದರು. ತಂದ ಮಾತ್ರೆ ಮುಗಿದಾಗ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಚೀನೀ ವೈದ್ಯೆ ಫೈಲನ್ನು ಮೊದಲಿಂದ ಕೊನೆಯವರೆಗೆ ತಿರುವಿ ನೋಡಿ, "ಮೂತ್ರದ ಆಲ್ಬುಮಿನ್ ಎಷ್ಟು? ಕ್ರಿಯಾಟಿನಿನ್ ಎಷ್ಟು?" ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ಹದಿನಾಲ್ಕು ವರ್ಷದ ಆ ಫೈಲಿನಲ್ಲಿ ಆ ಎರಡು ಪದ ಒಂದು ಸಲವೂ ಇರಲಿಲ್ಲ. ಅವತ್ತು ರಕ್ತದೊತ್ತಡ 164/92. ವಾರದ ನಂತರ ಬಂದ ವರದಿಯಲ್ಲಿ ಕ್ರಿಯಾಟಿನಿನ್ 141, ನಮ್ಮ ಊರಿನ ಲೆಕ್ಕದಲ್ಲಿ 1.6. ಮೂತ್ರಪಿಂಡ ಸೋಸುವ ಶಕ್ತಿ 43ಕ್ಕೆ ಇಳಿದಿತ್ತು. ವಯಸ್ಸಿನಲ್ಲಿ ಅದು ನೂರರ ಆಸುಪಾಸಿನಲ್ಲಿರುತ್ತದೆ.

ಮನೆಗೆ ಬರುವಾಗ ಲಿಫ್ಟಿನಲ್ಲಿ ಅಪ್ಪ ಕೇಳಿದರು: "ಅಲ್ವೋ, ನನ್ನ ಫಾಸ್ಟಿಂಗ್ ಯಾವತ್ತೂ 140 ದಾಟಿಲ್ಲ. ಇವರೇನು ಕಿಡ್ನಿ ಅಂತಾರೆ?"

ನಮ್ಮ ದೊಡ್ಡಪ್ಪನದೂ ಹೀಗೆಯೇ ಆಗಿತ್ತು. ಅವರಿಗೂ ಸಕ್ಕರೆ ಕಾಯಿಲೆ ಇತ್ತು. 1988ರಲ್ಲಿ, 54ನೇ ವಯಸ್ಸಿಗೆ, ಹೃದಯಾಘಾತದಿಂದ ಹೋದರು. "ಶುಗರ್ ಚೆನ್ನಾಗೇ ಇತ್ತು, ಹಾರ್ಟ್ ಕೈ ಕೊಟ್ಟಿತು" ಎಂದು ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ, ಅವೆರಡೂ ಬೇರೆ ಬೇರೆ ಸಂಸಾರದ ವಿಷಯವೋ ಎಂಬಂತೆ. ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಹೊರಟಾಗ ಮೊದಲು ಸಿಕ್ಕ ದೊಡ್ಡ ಸುಳಿವು ನಾವು ವಾಸಿಸುತ್ತಿರುವ ಈ ಸಿಂಗಪುರದ್ದೇ.

ಇಲ್ಲಿ ಟಿ. ಜೆ. ದನರಾಜ್ ಎಂಬ ವೈದ್ಯರಿದ್ದರು. ಮುಂದೆ ಕೌಲಾಲಂಪುರದ ಮಲಯ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವನ್ನು ಕಟ್ಟಿ ಅದರ ಮೊದಲ ಡೀನ್ ಆದವರು. ಅವರು, ಅವರ ಸಂಗಡಿಗರು 1950ರಿಂದ 1954ರವರೆಗಿನ ಸಿಂಗಪುರದ ಶವಪರೀಕ್ಷೆಗಳ ದಾಖಲೆಗಳನ್ನು, ಸುಮಾರು ಒಂಬತ್ತೂವರೆ ಸಾವಿರ, ಕುಳಿತು ಓದಿದರು. ಒಂದೇ ಊರು, ಒಂದೇ ಹವೆ, ಒಂದೇ ಸರ್ಕಾರಿ ಆಸ್ಪತ್ರೆಗಳು. ಆದರೂ ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ ಚೀನೀಯರಿಗಿಂತ ಭಾರತೀಯರಲ್ಲಿ ಏಳು ಪಟ್ಟು ಹೆಚ್ಚು ಕಂಡಿತು. 1959ರಲ್ಲಿ ಇದು ಅಮೆರಿಕದ ಹೃದ್ರೋಗ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಭಾರತ ಬಿಟ್ಟು ಹೋದ ಭಾರತೀಯರ ಹೃದಯದ ಬಗ್ಗೆ ಜಗತ್ತಿಗೆ ಸಿಕ್ಕ ಮೊದಮೊದಲ ಎಚ್ಚರಿಕೆಗಳಲ್ಲಿ ಇದೊಂದು. ಆಗಿನ ಸಿಂಗಪುರದ ಭಾರತೀಯರಲ್ಲಿ ಬಹುಪಾಲು ತಮಿಳರು. ಬಂದರಿನಲ್ಲಿ, ರಸ್ತೆಯಲ್ಲಿ ಮೈಮುರಿದು ದುಡಿದವರೂ ಅವರಲ್ಲಿದ್ದರು. ತುಪ್ಪ ತಿಂದು ಕುಳಿತ ಶ್ರೀಮಂತರ ಕಾಯಿಲೆ ಎಂದು ತಳ್ಳಿಹಾಕುವಂತಿರಲಿಲ್ಲ.

ಕಾರಣದ ಎಳೆ ಸಿಕ್ಕಿದ್ದು ಬಹಳ ವರ್ಷ ತಡವಾಗಿ. 1990ರ ಹೊತ್ತಿಗೆ ಇಲ್ಲಿಯೇ ಕೆ. ಹ್ಯೂಸ್ ಮತ್ತು ಸಂಗಡಿಗರು ಮೂರೂ ಜನಾಂಗಗಳನ್ನು ಹೋಲಿಸಿ ನೋಡಿದಾಗ, ಸಿಗರೇಟಾಗಲಿ ರಕ್ತದೊತ್ತಡವಾಗಲಿ ಈ ವ್ಯತ್ಯಾಸವನ್ನು ಪೂರ್ತಿ ವಿವರಿಸಲಿಲ್ಲ. ಎದ್ದು ಕಂಡದ್ದು ಸಕ್ಕರೆ ಕಾಯಿಲೆ, ಮತ್ತು ನಾಳಗಳನ್ನು ಕಾಯುವ "ಒಳ್ಳೆಯ" ಕೊಲೆಸ್ಟರಾಲಿನ ಕೊರತೆ. ಅಷ್ಟರಲ್ಲಿ ಈ ದ್ವೀಪದಲ್ಲಿ ಸಕ್ಕರೆ ಕಾಯಿಲೆಯೂ ಮನೆಮನೆ ಹೊಕ್ಕಿತ್ತು. ಸಮೀಕ್ಷೆಗಳ ಪ್ರಕಾರ 1975ರಲ್ಲಿ ದೊಡ್ಡವರಲ್ಲಿ ನೂರಕ್ಕೆ ಇಬ್ಬರಿಗೆ ಇದ್ದದ್ದು 1985ರಲ್ಲಿ 4.7, 1992ರಲ್ಲಿ 8.6. ಭಾರತೀಯರನ್ನಷ್ಟೇ ತೆಗೆದುಕೊಂಡರೆ 1998ರಲ್ಲಿ 15.8, 2010ರಲ್ಲಿ 17.2. ಬಾಡಿಗೆಗೂ ಮನೆಯ ಬೆಲೆಗೂ ಮಾತ್ರ ಈ ವೇಗ ಎಂದುಕೊಂಡಿದ್ದೆ.

ಇನ್ನು ಸಕ್ಕರೆ ಕಾಯಿಲೆಗೂ ಮೂತ್ರಪಿಂಡಕ್ಕೂ ಇರುವ ನಂಟು.

ಈ ಕಾಯಿಲೆಯನ್ನು ನಮ್ಮ ಹಿರಿಯರು ಮೂತ್ರದಿಂದಲೇ ಗುರುತಿಸಿದ್ದು. ಮಧುಮೇಹ ಎಂದರೆ ಜೇನಿನಂಥ ಮೂತ್ರ. ಅದಕ್ಕೆ ಇರುವೆ ಮುತ್ತುತ್ತವೆ ಎಂಬುದು ಆಯುರ್ವೇದದ ಹಳೆಯ ಅವಲೋಕನ. ಮೈ ಬೆಳೆಸಿಕೊಂಡು, ಓಡಾಟವಿಲ್ಲದೆ, ಸಿಹಿ ತಿಂದು ಕೂತವರಿಗೆ ಬರುವ ಬಗೆ ಬೇರೆ, ಸಣಕಲರಿಗೆ ಹುಟ್ಟಿನಿಂದ ಬರುವ ಬಗೆ ಬೇರೆ ಎಂಬುದನ್ನೂ ಅವರು ಕಂಡಿದ್ದರು. ಯುರೋಪಿನಲ್ಲಿ ಹದಿನೇಳನೇ ಶತಮಾನದಲ್ಲಿ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ ಮೂತ್ರ ಸಿಹಿಯೆಂದು ಬರೆದ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಆ ಸಿಹಿ ಸಕ್ಕರೆಯೇ ಎಂದೂ, ರಕ್ತದಲ್ಲಿಯೂ ಅದು ಇದೆಯೆಂದೂ ತೋರಿಸಿದ. ಅಲ್ಲಿಂದ ಎಲ್ಲರ ಕಣ್ಣೂ ಸಕ್ಕರೆಯ ಮೇಲೆ ನೆಟ್ಟಿತು. ಆ ನೋಟ ಇನ್ನೂರು ವರ್ಷ ಅಲುಗಲಿಲ್ಲ ಎಂದರೂ ತಪ್ಪಿಲ್ಲ.

ಅದೇ ಮೂತ್ರದಲ್ಲಿ ಇನ್ನೊಂದು ಪದಾರ್ಥವನ್ನು ಕಂಡವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಚಮಚದಲ್ಲಿ ಮೂತ್ರ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿದರೆ ಕೆಲವರದು ಮೊಟ್ಟೆಯ ಬಿಳಿಯಂತೆ ಗರಣೆ ಕಟ್ಟುತ್ತಿತ್ತು. ಅದೇ ಆಲ್ಬುಮಿನ್. 1827ರಲ್ಲಿ ಅವನು ಇದನ್ನು ಮೂತ್ರಪಿಂಡದ ಕಾಯಿಲೆಯ ಗುರುತೆಂದು ಪ್ರಕಟಿಸಿದ. ಆದರೆ ಸಿಹಿಮೂತ್ರದವರ ಪಿಂಡಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ಇಬ್ಬರು ಅಲ್ಲಿನ ಗಂಟುಗಳನ್ನು ವರ್ಣಿಸಿದ್ದು 1936ರಲ್ಲಿ, ನೂರು ವರ್ಷಗಳ ಮೇಲೆ. ಅಷ್ಟು ತಡವೇಕೆ? 1922ಕ್ಕೆ ಮೊದಲು ಎಳೆಯರು ಈ ಕಾಯಿಲೆಯಿಂದ ಬೇಗನೆ ಸಾಯುತ್ತಿದ್ದರು. ಪಿಂಡ ಕೆಡುವಷ್ಟು ವರ್ಷ ಬದುಕುತ್ತಲೇ ಇರಲಿಲ್ಲ. ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದ ಮೇಲೆ ಬದುಕು ಉದ್ದವಾಯಿತು. ಉದ್ದವಾದ ಬದುಕಿನ ಕೊನೆಗೆ ಹೃದಯ, ಪಿಂಡ, ಕಣ್ಣು ಕಾದು ಕುಳಿತಿದ್ದವು.

ಪಿಂಡ ಕೆಡುವ ಬಗೆಯನ್ನು ಅಪ್ಪನಿಗೆ ನಾನು ಹೇಳಿದ್ದು ನಮ್ಮ ಮನೆಯ ಕಾಫಿ ಫಿಲ್ಟರಿನ ಮೂಲಕ. ಒಂದೊಂದು ಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಪುಟ್ಟ ಫಿಲ್ಟರುಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸುತ್ತವೆ. ಅದರಲ್ಲಿ ಬಹುಪಾಲು ನೀರು ಮತ್ತೆ ರಕ್ತಕ್ಕೇ ಸೇರುತ್ತದೆ. ಫಿಲ್ಟರಿನ ಮೇಲೆ ಮೆಲ್ಲಗೆ ನೀರು ಸುರಿದರೆ ಡಿಕಾಕ್ಷನ್ ತಿಳಿಯಾಗಿ ಇಳಿಯುತ್ತದೆ. ಅವಸರ ಮಾಡಿ ಮೇಲಿನಿಂದ ಒತ್ತಿದರೆ? ಪುಡಿಯೂ ಇಳಿಯುತ್ತದೆ, ತೂತು ದೊಡ್ಡದಾಗುತ್ತದೆ. ಆಲ್ಬುಮಿನ್ ಎಂದರೆ ಕೆಳಗಿನ ಪಾತ್ರೆಗೆ ಇಳಿದ ಕಾಫಿಪುಡಿ. ಸಕ್ಕರೆ ಕಾಯಿಲೆಯಲ್ಲಿ ಈ ಒತ್ತಡ ವರ್ಷಗಟ್ಟಲೆ, ಸದ್ದಿಲ್ಲದೆ, ನೋವಿಲ್ಲದೆ ನಡೆಯುತ್ತದೆ. "ಹಾಗಾದರೆ ನಿಮ್ಮಮ್ಮ ಹಾಕೋ ಡಿಕಾಕ್ಷನ್ ಥರ ಅನ್ನು" ಎಂದರು ಅಪ್ಪ. ಅಮ್ಮ ಅಡಿಗೆಮನೆಯಲ್ಲಿದ್ದರು, ಕೇಳಿಸಿಕೊಳ್ಳಲಿಲ್ಲ.

1984ರಲ್ಲಿ ಡೆನ್ಮಾರ್ಕಿನ ಕಾರ್ಲ್ ಎರಿಕ್ ಮೊಗೆನ್‌ಸೆನ್ ಇನ್ನೊಂದು ಹೆಜ್ಜೆ ಇಟ್ಟರು. ನಡುವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದವರ ಮೂತ್ರದಲ್ಲಿ, ಹಳೆಯ ಪರೀಕ್ಷೆಗೆ ಸಿಗದಷ್ಟು ಸೂಕ್ಷ್ಮ ಪ್ರಮಾಣದ ಆಲ್ಬುಮಿನ್ ಇದ್ದರೂ ಸಾಕು, ಅಂಥವರು ಬೇಗ ಸಾಯುವ ಸಂಭವ ಹೆಚ್ಚು ಎಂದು ತೋರಿಸಿದರು. ಅವರಲ್ಲಿ ಬಹಳ ಮಂದಿ ಸತ್ತದ್ದು ಪಿಂಡದಿಂದಲ್ಲ, ಹೃದಯದಿಂದ. ಪಿಂಡದ ಫಿಲ್ಟರು ಸೋರುತ್ತಿದೆಯೆಂದರೆ ಮೈಯೊಳಗಿನ ನಾಳಗಳೆಲ್ಲ ಹಾಳಾಗುತ್ತಿವೆ ಎಂದರ್ಥ. ದೊಡ್ಡಪ್ಪನ ಹೃದಯ, ಅಪ್ಪನ ಪಿಂಡ ಎರಡೂ ಒಂದೇ ಸಂಸಾರದವು ಎಂದು ನನಗೆ ತಿಳಿದದ್ದು ಇದನ್ನು ಓದಿದಾಗ.

ಈಗ ಬ್ರೆಜಿಲ್ಲಿಗೆ ಹೋಗಬೇಕು. ಅಲ್ಲಿನ ತೋಟಗಳಲ್ಲಿ ಜರರಾಕ ಎಂಬ ಮಂಡಲದ ಜಾತಿಯ ಹಾವಿದೆ. ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಸೆರ್ಜಿಯೋ ಫೆರೇರಾ ಎಂಬ ವಿಜ್ಞಾನಿ ಆ ವಿಷದ ಸಾರವನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಆ ಎಳೆ ಹಿಡಿದು ಅಮೆರಿಕದ ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ತಯಾರಿಸಿದ ಮಾತ್ರೆಯೇ ಕ್ಯಾಪ್ಟೋಪ್ರಿಲ್. ಅದು 1981ರಲ್ಲಿ ಅಂಗಡಿಗೆ ಬಂತು. ಬಿ.ಪಿ. ಮಾತ್ರೆ ಎಂದೇ ಬಂದದ್ದು, ಫಿಲ್ಟರಿನಿಂದ ಹೊರಹೋಗುವ ನಾಳವನ್ನು ಸಡಿಲಿಸಿ ಒಳಗಿನ ಒತ್ತಡವನ್ನೂ ಇಳಿಸುತ್ತದೆ ಎಂಬುದು ಆಮೇಲೆ ಅರಿವಾಯಿತು. 1993ರಲ್ಲಿ, ಎಳೆವಯಸ್ಸಿನ ಸಕ್ಕರೆ ಕಾಯಿಲೆಯಿಂದ ಪಿಂಡ ಕೆಟ್ಟ 409 ಜನರಲ್ಲಿ, ಸಾವು, ಡಯಾಲಿಸಿಸ್, ಕಸಿ ಈ ಮೂರನ್ನೂ ಒಟ್ಟಿಗೆ ಎಣಿಸಿದರೆ ಅದು ಅರ್ಧದಷ್ಟು ತಗ್ಗಿಸಿತೆಂದು ಸಿದ್ಧವಾಯಿತು. ನಮ್ಮ ಅಪ್ಪನಂಥ ಎರಡನೇ ಬಗೆಯವರಿಗೆ ಇದೇ ವಂಶದ ಲೊಸಾರ್ಟನ್, ಇರ್ಬೆಸಾರ್ಟನ್ ಉಪಯುಕ್ತವೆಂಬ ಪುರಾವೆ 2001ರಲ್ಲಿ ಬಂತು.

ಇಲ್ಲಿ ನಮ್ಮೂರಿನ ಹೆಮ್ಮೆಯ ಮಾತೊಂದು. ಇದೇ ಬಗೆಯ ಇನ್ನೊಂದು ಔಷಧಿ ರಾಮಿಪ್ರಿಲ್. 2000ನೇ ಇಸವಿಯಲ್ಲಿ ಪ್ರಕಟವಾದ, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ "ಹೋಪ್" ಅಧ್ಯಯನದ ಮುಂದಾಳು ಸಲೀಂ ಯೂಸುಫ್. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದವರು. ಆ ಅಧ್ಯಯನದಲ್ಲಿದ್ದ 3577 ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧದ ಸಾವು ಒಟ್ಟಾರೆ ಕಾಲುಭಾಗ ಕಡಿಮೆಯಾಯಿತು. ಅವರೇ ಮುಂದೆ ನಿಂತು 52 ದೇಶಗಳಲ್ಲಿ ನಡೆಸಿದ ಇನ್ನೊಂದು ಅಧ್ಯಯನದಿಂದ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ನಡುವಯಸ್ಸು 53, ಉಳಿದವರಿಗೆ 59 ಎಂದು ತಿಳಿಯಿತು. ನಮ್ಮ ದೊಡ್ಡಪ್ಪನಿಗೆ 54. ಬೆಂಗಳೂರಿನ ಸೇಂಟ್ ಜಾನ್ಸ್ ಕೇಂದ್ರವಾಗಿ 2009ರಲ್ಲಿ ಭಾರತದ 50 ಊರು-ಆಸ್ಪತ್ರೆಗಳಲ್ಲಿ ಐದು ಔಷಧಿಗಳನ್ನು ಒಂದೇ ಕ್ಯಾಪ್ಸೂಲಿಗೆ ತುಂಬಿ ಕೊಡುವ ಪ್ರಯೋಗವೂ ನಡೆಯಿತು.

ಸಕ್ಕರೆಯನ್ನು ಇಳಿಸುವುದರಿಂದ ಏನೂ ಪ್ರಯೋಜನವಿಲ್ಲವೇ ಎಂದು ಕೇಳಬೇಡಿ. ಖಂಡಿತ ಇದೆ. 1977ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಟರ್ನರ್ ಆರಂಭಿಸಿ 1998ರಲ್ಲಿ ಮುಗಿದ ದೊಡ್ಡ ಅಧ್ಯಯನದಲ್ಲಿ 5102 ಜನರಿದ್ದರು, ನೂರಕ್ಕೆ ಹತ್ತು ಮಂದಿ ಭಾರತ ಮೂಲದವರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಪಿಂಡಗಳ ತೊಂದರೆ ಕಡಿಮೆಯಾಯಿತು. ಆದರೆ ಅದೇ ಅಧ್ಯಯನದಲ್ಲಿ ಬಿ.ಪಿ.ಯನ್ನು ಸರಾಸರಿ 154/87ರ ಬದಲು 144/82ಕ್ಕೆ ಇಳಿಸಿದ್ದೇ, ಪಾರ್ಶ್ವವಾಯು ನೂರಕ್ಕೆ 44ರಷ್ಟು, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಸಾವು 32ರಷ್ಟು ತಗ್ಗಿತು. ಹತ್ತೇ ಅಂಕ! ನಮ್ಮಪ್ಪ 164 ಇಟ್ಟುಕೊಂಡು ಹೋಳಿಗೆ ಬಿಟ್ಟಿದ್ದರು.

ಸಕ್ಕರೆಯ ಮೇಲಿನ ಹಟಕ್ಕೆ ಪೆಟ್ಟು ಬಿದ್ದದ್ದು 2008ರ ಫೆಬ್ರವರಿಯಲ್ಲಿ. ಅಮೆರಿಕ, ಕೆನಡಾಗಳಲ್ಲಿ ಹತ್ತು ಸಾವಿರ ಜನರಲ್ಲಿ, ಸಕ್ಕರೆಯನ್ನು ಆರೋಗ್ಯವಂತರ ಮಟ್ಟಕ್ಕೇ ಇಳಿಸಿಬಿಟ್ಟರೆ ಹೇಗೆ ಎಂದು ಪ್ರಯೋಗ ನಡೆದಿತ್ತು. ಬಿಗಿ ಹಿಡಿದ ಗುಂಪಿನಲ್ಲಿ 257 ಸಾವು, ಸಡಿಲ ಬಿಟ್ಟದ್ದರಲ್ಲಿ 203. ಆ ಭಾಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, ಡೆನ್ಮಾರ್ಕಿನ ಸ್ಟೀನೋ ಕೇಂದ್ರದಲ್ಲಿ ಬರೀ 160 ಜನರನ್ನು ಇಟ್ಟುಕೊಂಡು ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್, ಊಟ, ನಡಿಗೆ, ಸಿಗರೇಟು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸರಿಪಡಿಸಿದರು. 2003ರಲ್ಲಿ ನೋಡಿದರೆ ಹೃದಯ, ನಾಳಗಳ ಅವಘಡ ಅರ್ಧಕ್ಕೆ ಇಳಿದಿತ್ತು. 21 ವರ್ಷದ ಮೇಲೆ ಎಣಿಸಿದರೆ ಆ ಗುಂಪಿನವರು ಸರಾಸರಿ ಸುಮಾರು ಎಂಟು ವರ್ಷ ಹೆಚ್ಚು ಬಾಳಿದ್ದರು. ಇಷ್ಟೆಲ್ಲ ಓದಿದ್ದರಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ 160 ಜನರ ಕಥೆ. ಒಂದೇ ಕಾಲಂ ನೋಡುವವನಿಗೆ ಬ್ಯಾಲೆನ್ಸ್ ಶೀಟು ತಾಳೆಯಾಗುವುದಿಲ್ಲ.

ಕೊನೆಗೆ ಸೇಬಿನ ತೊಗಟೆ. 1835ರಲ್ಲಿ ಯುರೋಪಿನ ರಸಾಯನ ಶಾಸ್ತ್ರಜ್ಞರು ಸೇಬಿನ ಗಿಡದ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತು ತೆಗೆದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆಂದು 1886ರಲ್ಲಿ ಫಾನ್ ಮೇರಿಂಗ್ ಕಂಡುಕೊಂಡ. ಪಿಂಡ ದಿನವೂ 180 ಗ್ರಾಂನಷ್ಟು ಸಕ್ಕರೆಯನ್ನು ಸೋಸಿ, ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆಯುವ ಬಾಗಿಲನ್ನು ಇದು ಮುಚ್ಚುತ್ತದೆ. ನೂರು ವರ್ಷ ಅದೊಂದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು. ಮೂತ್ರದಲ್ಲಿ ಸಕ್ಕರೆ ಹೋಗುವುದೇ ಕಾಯಿಲೆ, ಅದನ್ನು ಬೇಕೆಂದೇ ಕಳಿಸುವ ಔಷಧಿ ಯಾರಿಗೆ ಬೇಕು? ಅದರ ಮೊಮ್ಮಕ್ಕಳೇ ಈಗಿನ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದವು. ಹಿಂದೆ ರೋಸಿಗ್ಲಿಟಾಜೋನ್ ಎಂಬ ಸಕ್ಕರೆ ಮಾತ್ರೆ ಹೃದಯಕ್ಕೆ ಅಪಾಯವೆಂಬ ಗದ್ದಲ 2007ರಲ್ಲಿ ಎದ್ದಿತ್ತು. ಅದರಿಂದ ಎಚ್ಚೆತ್ತ ಅಮೆರಿಕ ಸರ್ಕಾರ, ಹೊಸ ಸಕ್ಕರೆ ಔಷಧಿಗಳೆಲ್ಲ ಹೃದಯಕ್ಕೆ ಕೆಡುಕಿಲ್ಲವೆಂದು ತೋರಿಸಬೇಕೆಂದು 2008ರಲ್ಲಿ ವಿಧಿಸಿತು. ಕೆಡುಕಿಲ್ಲ ಎಂದು ತೋರಿಸಲು ಹೊರಟವರಿಗೆ 2015ರ ಸೆಪ್ಟೆಂಬರಿನಲ್ಲಿ ಒಳಿತೇ ಕಂಡಿತು. ಎಂಪಾಗ್ಲಿಫ್ಲೋಜಿನ್ ತೆಗೆದುಕೊಂಡ ಹೃದ್ರೋಗಿಗಳಲ್ಲಿ ಹೃದಯ ಸಂಬಂಧದ ಸಾವು ನೂರಕ್ಕೆ 38ರಷ್ಟು ಕಡಿಮೆ. ಲೆಕ್ಕಿಗನಾಗಿ ಬಿಡಿಸಿ ಹೇಳುವುದಾದರೆ, ಮೂರು ವರ್ಷದಲ್ಲಿ ನೂರು ಜನರಲ್ಲಿ ಆರು ಸಾವು ಆಗುತ್ತಿದ್ದ ಕಡೆ ನಾಲ್ಕಾಯಿತು. ಪಿಂಡದ ಬಗ್ಗೆ ಸ್ಪಷ್ಟ ಪುರಾವೆ 2019ರಲ್ಲಿ ಕೆನಾಗ್ಲಿಫ್ಲೋಜಿನ್‌ನಿಂದ, 2020ರಲ್ಲಿ ಡಾಪಾಗ್ಲಿಫ್ಲೋಜಿನ್‌ನಿಂದ ಬಂತು. ಫಿಲ್ಟರಿಗೆ ನುಗ್ಗುವ ರಕ್ತದ ನಲ್ಲಿಯನ್ನೇ ಇವು ಸ್ವಲ್ಪ ತಿರುಗಿಸಿ ಒತ್ತಡ ಇಳಿಸುತ್ತವೆ. 2020ರಲ್ಲಿ ಫಿನೆರೆನೋನ್, 2024ರಲ್ಲಿ ತೂಕ ಇಳಿಸಲು ಹೆಸರಾದ ಸೆಮಾಗ್ಲುಟೈಡ್ ಸೂಜಿಮದ್ದು ಸಹ ಪಿಂಡ ಕಾಯುವವರ ಸಾಲಿಗೆ ಸೇರಿದವು.

ಸಿಂಗಪುರದಲ್ಲಿ ಮೊದಲ ಡಯಾಲಿಸಿಸ್ ಮಾಡಿದ್ದು 1961ರಲ್ಲಿ, ಖೂ ಊನ್ ಟೀಕ್ ಎಂಬ ವೈದ್ಯರು. 1969ರಲ್ಲಿ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನ ಸ್ಥಾಪಿಸಿದವರೂ ಅವರೇ. ಇಂದು ಇಲ್ಲಿ ಹೊಸದಾಗಿ ಪಿಂಡ ಪೂರ್ತಿ ಸೋತವರಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ ಕಾಯಿಲೆಯಿಂದಲೇ. ಅಪ್ಪ ಇಲ್ಲಿದ್ದ ಅದೇ 2016ರ ಏಪ್ರಿಲಿನಲ್ಲಿ ಸರ್ಕಾರ ಈ ಕಾಯಿಲೆಯ ಮೇಲೆ "ಯುದ್ಧ" ಸಾರಿತು. ಅಪ್ಪನ ಯುದ್ಧ ನಮ್ಮ ಮನೆಯಲ್ಲಿ ನಡೆಯುತ್ತಿತ್ತು. ಲೊಸಾರ್ಟನ್, ಕೊಲೆಸ್ಟರಾಲಿನ ಮಾತ್ರೆ, ಉಪ್ಪು ಕಡಿತ. ದಿನಕ್ಕೆ ಒಟ್ಟು ಐದು ಗ್ರಾಂ ಉಪ್ಪೆಂದರೆ ಒಂದು ಟೀ ಚಮಚವೆಂದು ತಿಳಿದಾಗ ಅಮ್ಮ, "ಅಷ್ಟು ಸಾರಿಗೇ ಬೇಕು" ಎಂದರು. ಮಂಡಿನೋವಿಗೆ ಅಪ್ಪ ತಾವೇ ಕೊಂಡು ನುಂಗುತ್ತಿದ್ದ ನೋವಿನ ಮಾತ್ರೆ ಪಿಂಡಕ್ಕೆ ವಿಷವೆಂದು ವೈದ್ಯೆ ಅದನ್ನು ನಿಲ್ಲಿಸಿದರು. ತಿಪಟೂರಿನವರಿಗೆ ಸಂಕಟದ ಮಾತು ಇನ್ನೊಂದಿತ್ತು: ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಎಳನೀರೂ ಇಲ್ಲ.

ಊರಿಗೆ ಮರಳಿದ ಮೇಲೆ ಒಂದು ಎಡವಟ್ಟಾಯಿತು. 2021ರಲ್ಲಿ ಅಲ್ಲಿನ ವೈದ್ಯರೊಬ್ಬರು ಡಾಪಾಗ್ಲಿಫ್ಲೋಜಿನ್ ಬರೆದುಕೊಟ್ಟರು. ತಿಂಗಳ ನಂತರ ಕ್ರಿಯಾಟಿನಿನ್ ತುಸು ಏರಿತು. ನೆರೆಮನೆಯವರ ಮಾತು ಕೇಳಿ ಅಪ್ಪ ಮಾತ್ರೆ ಬಿಟ್ಟುಬಿಟ್ಟರು. ಒತ್ತಡ ಇಳಿಯುವಾಗ ಆರಂಭದಲ್ಲಿ ಅಷ್ಟು ಏರುವುದು ಸಹಜ, ಆಮೇಲೆ ನಿಲ್ಲುತ್ತದೆ, ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಎರಡು ತಿಂಗಳು ವ್ಯರ್ಥವಾಗಿ ಮತ್ತೆ ಶುರುವಾಯಿತು. ಈ ಮಾತ್ರೆ ನುಂಗುವವರು ವಾಂತಿ ಭೇದಿಯಾದಾಗ, ಆಪರೇಷನ್ನಿಗೆ ಮೊದಲು, ಏಕಾದಶಿಯಂಥ ಉಪವಾಸದಲ್ಲಿ ಅದನ್ನು ನಿಲ್ಲಿಸಬೇಕೇ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ರಕ್ತ ಹುಳಿಯೇರುವ ಅಪಾಯವಿದೆ. ಬೆಲೆಯೂ ಇಳಿದಿದೆ. 2025ರ ಮಾರ್ಚಿನಲ್ಲಿ ಭಾರತದಲ್ಲಿ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದ ಮೇಲೆ, ಅರವತ್ತು ರೂಪಾಯಿಯ ಮಾತ್ರೆ ಹತ್ತರ ಆಸುಪಾಸಿಗೆ ಸಿಗುವಂತಾಯಿತು.

ಅಪ್ಪನಿಗೆ ಈಗ 79. ಸೋಸುವ ಶಕ್ತಿ 36ರಲ್ಲಿ ನಿಂತಿದೆ, ಬಿ.ಪಿ. 130ರ ಒಳಗೆ. ಹಳೆಯ ಫೈಲಿನಲ್ಲಿ ಅವರೇ ಸ್ಕೇಲು ಹಿಡಿದು ಗೆರೆ ಎಳೆದು ಮೂರು ಹೊಸ ಕಾಲಂ ಮಾಡಿದ್ದಾರೆ. ಮೊದಲ ಸಾಲಿನಲ್ಲಿ 2016ರ ಟ್ಯಾಂಪಿನೀಸಿನ ಅಂಕಿ: ಆಲ್ಬುಮಿನ್ 46, ಇರಬೇಕಾದದ್ದು ಮೂರರೊಳಗೆ. ಹೋದ ಭಾನುವಾರ ಫೋನು ಮಾಡಿದ್ದರು.

"ಈ ಸಲ 150 ಬಂದಿದೆ ಕಣೋ. ನಿಮ್ಮೂರಿನ ಲೆಕ್ಕದಲ್ಲಿ ಎಷ್ಟು?"

ಎರಡೂ ದೇಶದ ಅಳತೆ ಬೇರೆ, 8.84ರಿಂದ ಭಾಗಿಸಬೇಕು. ಭಾಗಿಸಿ, "ಹದಿನೇಳು" ಎಂದೆ.

"ತಡಿ, ಬರ್ಕೋತೀನಿ" ಎಂದು ಪೆನ್ನು ಹುಡುಕಿಕೊಂಡು ಹೋದರು.